ಮೂರು ಇಂಗಾಲದ ಹುಳಿ

ಆಗ ನಾನು ಶಿಕಾರಿಪುರದಲ್ಲಿ ವಿಜ್ಞಾನದ ಮೇಷ್ಟ್ರು. ಒಮ್ಮೆ ಸೊರಬದ ಹೈಸ್ಕೂಲಿಗೆ ಬಾಯಿಪರೀಕ್ಷೆ ಮಾಡಲು ಕಳಿಸಿದ್ದರು. ಬೋರ್ಡಿನ ಮೇಲೆ ಪ್ರೊಪಿಯಾನಿಕ್ ಆಮ್ಲದ ಸೂತ್ರ ಬರೆದು, ಕುಪ್ಪಗಡ್ಡೆಯಿಂದ ಬರುತ್ತಿದ್ದ ಗೌರಿ ಎಂಬ ಹುಡುಗಿಯನ್ನು ಅದರ ಹೆಸರು ಕೇಳಿದೆ.

“ಮೂರು ಇಂಗಾಲದ ಹುಳಿ, ಸಾರ್.”

ಕ್ಲಾಸೆಲ್ಲ ನಕ್ಕಿತು.

“ಯಾವ ಪುಸ್ತಕದಲ್ಲಿದೆಯಮ್ಮ ಈ ಹೆಸರು?”

“ಪುಸ್ತಕದಲ್ಲಿರೋ ಹೆಸರು ಮರ್ತೋಯ್ತು ಸಾರ್. ಇಂಗಾಲ ಎಣಿಸಿದೆ. ಕೊನೇಲಿ ಆಮ್ಲದ ಗುಂಪಿದೆ, ಅದಕ್ಕೆ ಹಂಗಂದೆ.”

ಸೊನ್ನೆ ಹಾಕಿದೆ.

ತಿಂಗಳಾದ ಮೇಲೆ ಹೊಸ ಪುಸ್ತಕವೊಂದರಲ್ಲಿ ಇಂಥ ಆಮ್ಲಗಳಿಗೆ ಹೆಸರಿಡುವ ನಿಯಮ ಓದಿದೆ: ಇಂಗಾಲ ಎಣಿಸಬೇಕು, ಗುಂಪು ನೋಡಬೇಕು. ಅವಳು ಮಾಡಿದ್ದೂ ಅದನ್ನೇ. ಮರುದಿನವೇ ಬಸ್ಸು ಹತ್ತಿ ಸೊರಬಕ್ಕೆ ಹೋದೆ.

“ಆ ಹುಡುಗಿ ಶಾಲೆ ಬಿಟ್ಟಳಲ್ರೀ,” ಎಂದರು ಹೆಡ್‌ಮಾಸ್ತರು. “ಎಲ್ಲರೂ ನಕ್ಕರು, ಇನ್ನು ಹೋಗಲ್ಲ ಅಂತ ಹಟ ಹಿಡಿದಳಂತೆ.”

ಅಂಕ ತಿದ್ದಿಸಿ ಬಂದೆ. ಮೊದಲು ನಕ್ಕವನು ನಾನೇ ಎಂದು ಮಾತ್ರ ಅವರಿಗೆ ಹೇಳಲಿಲ್ಲ.