ಮುಳುಗುವ ಐಸು

ನನ್ನ ಎಡದವಡೆಯ ಒಂದು ಹಲ್ಲಿಗೆ ಐಸು ಕಂಡರಾಗದು. ಕಡಿಯುವುದು ಬೇಡ, ಕುಡಿಯುವುದೂ ಬೇಡ, ಕಂಡರೆ ಸಾಕು, ಜುಂ ಎನ್ನುತ್ತದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ನಾಚಿಕೆಯಿರುವುದು ಮುಂದಿನ ಮಾತಿಗೆ: ಈಗ ಮೂರು ವರ್ಷದಿಂದ ಅದು ಪ್ಲಾಸ್ಟಿಕ್ಕಿನ ಐಸು ಕಂಡರೂ ಜುಂ ಎನ್ನುತ್ತಿದೆ. ಅದು ಪ್ಲಾಸ್ಟಿಕ್ಕು ಎಂದು ನನಗೆ ಗೊತ್ತು. ಹಲ್ಲನ್ನು ಒಪ್ಪಿಸಲು ಮಾತ್ರ ಇನ್ನೂ ಆಗಿಲ್ಲ. ಎಂ.ಎ. ಮಾಡಿದ್ದು ನಾನು, ಹಲ್ಲಲ್ಲವಲ್ಲ.

ಈ ಐಸನ್ನು ಮಾಡುವವನು ನನ್ನ ಹೆಂಡತಿಯ ತಮ್ಮ ನಾರಾಯಣಸ್ವಾಮಿ. ಮಾಲೂರಿನಲ್ಲಿ ಅವನದೊಂದು ತಗಡಿನ ಶೆಡ್ಡು. ಗಾಜಿನಂತೆ ತಿಳಿಯಾದ ಅಕ್ರಿಲಿಕ್ ದಿಮ್ಮಿಯನ್ನು ಅಲ್ಲಿ ಕೊಯ್ದು, ಅರದಿಂದ ಮೂಲೆ ಸವೆಸಿ, ಉಪ್ಪುಕಾಗದದಲ್ಲಿ ತಿಕ್ಕಿ, ತಿರುಗುವ ಬಟ್ಟೆಯ ಚಕ್ರಕ್ಕೆ ಹಿಡಿದು ಹೊಳಪು ಕೊಡುತ್ತಾನೆ. ಒಂದೊಂದು ತುಂಡಿಗೂ ಅರ್ಧ ದಿನ. ತಂಪು ಪಾನೀಯದ ಜಾಹೀರಾತಿನಲ್ಲಿ, ಸಿನಿಮಾದ ಬಾರಿನಲ್ಲಿ, ಲೋಟದೊಳಗೆ ಥಳಥಳಿಸುವ ಐಸು ಎಷ್ಟೋ ಸಲ ಇಂಥದ್ದೇ. ನಿಜವಾದದ್ದು ದೀಪದ ಕಾವಿಗೆ ಕರಗುತ್ತದೆ, ಒಂದು ಶಾಟಿನಲ್ಲಿದ್ದ ಆಕಾರ ಇನ್ನೊಂದರಲ್ಲಿ ಇರುವುದಿಲ್ಲ, ನಡುವೆ ಸುಣ್ಣದ ನೀರಿನ ಹಾಗೆ ಮಬ್ಬು ಬೇರೆ.

"ನಿಜವಾದ ಐಸಿಗೆ ಐಸಿನ ಥರ ಕಾಣ್ಸೋಕೆ ಬರಲ್ಲ ಭಾವ" ಎನ್ನುತ್ತಾನೆ ನಾರಾಯಣಸ್ವಾಮಿ. ಅವನ ಮುಖದಲ್ಲಿ ಆಗ ನಿಜದ ಬಗ್ಗೆ ಒಂದು ಬಗೆಯ ಕನಿಕರ ಇರುತ್ತದೆ.

ಕುಟ್ಟಿದ ಐಸು ಬೇಕೆಂದರೆ ಅದಕ್ಕೂ ದಾರಿಯುಂಟು. ಸಸಿ ನೆಡುವಾಗ ಬೇರಿನ ಬಳಿ ತೇವ ನಿಲ್ಲಲೆಂದು ನಮ್ಮ ಕಡೆ ಕೆಲವರು ಒಂದು ಹರಳುಪುಡಿ ಹಾಕುತ್ತಾರೆ. ನೀರು ಕುಡಿದು ಉಬ್ಬಿದರೆ ಥೇಟ್ ಐಸೇ. ಲೋಟದ ಹೊರಮೈಯ ಬೆವರು ಗ್ಲಿಸರಿನ್ನಿನದು. ಇಡೀ ದಿನ ಬಿಸಿಲಿನಲ್ಲಿಟ್ಟರೂ ಆರುವುದಿಲ್ಲ.

ಇದನ್ನೆಲ್ಲ ಕೇಳಿ ಮೂಗು ಮುರಿಯುವ ಅಧಿಕಾರ ನನಗಿಲ್ಲ. ನಾನು ಮುಳಬಾಗಿಲಿನ ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡುವವನು. ಮಹಾಕಾವ್ಯವೆಂದರೆ ಅದರಲ್ಲಿ ಸಮುದ್ರ, ಪರ್ವತ, ಚಂದ್ರೋದಯ ಎಂದು ಹದಿನೆಂಟು ವರ್ಣನೆಗಳಿರಬೇಕೆಂದು ವರ್ಷವರ್ಷವೂ ಹೇಳಿಕೊಡುತ್ತೇನೆ. ಬಯಲುಸೀಮೆಯಲ್ಲಿ ಕೂತು ಸಮುದ್ರ ಬರೆದವರೆಲ್ಲ ಹೋಗಿ ನೋಡಿಕೊಂಡು ಬಂದಿದ್ದರೇ? ನನಗೂ ಐದನೆಯ ವಯಸ್ಸಿನ ಒಂದು ನೆನಪಿದೆ: ಕೋಲಾರದ ಬಸ್ಸಿನ ನೆತ್ತಿಯಿಂದ ಮರದ ಹೊಟ್ಟಿನಲ್ಲಿ ಸುತ್ತಿದ ಐಸಿನ ದಿಮ್ಮಿ ಇಳಿಸುತ್ತಿದ್ದಾರೆ, ನಾನು ಅದಕ್ಕೆ ಕೆನ್ನೆ ಒತ್ತಿದ್ದೇನೆ. ಅಕ್ಕನನ್ನು ಕೇಳಿದರೆ, "ಕೆನ್ನೆ ಒತ್ತಿದ್ದು ನಾನು ಕಣೋ. ನೀನಿನ್ನೂ ಹುಟ್ಟೇ ಇರಲಿಲ್ಲ" ಎಂದಳು. ಅಂದಿನಿಂದ ನೆನಪನ್ನು ನಂಬುವುದು ಬಿಟ್ಟು ದಿನಚರಿ ಬರೆಯತೊಡಗಿದೆ. ಈ ಮುಂದಿನದನ್ನು ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ.

ಯಲ್ದೂರಿನ ಹತ್ತಿರ ನಾರಾಯಣಸ್ವಾಮಿಯ ಮನೆಯವರದೇ ಮಾವಿನ ತೋಟ. ಬೆಂಗಳೂರಿನಿಂದ ಒಬ್ಬ ನಿರ್ದೇಶಕ ಮಾವಿನ ಪಾನೀಯದ ಜಾಹೀರಾತು ತೆಗೆಯಲು ಬಂದಿದ್ದ. ಐಸು ಒಪ್ಪಿಗೆಯಾದರೆ ವರ್ಷಪೂರ್ತಿ ಕೆಲಸ. ಆಗದಿದ್ದರೆ ನಾರಾಯಣಸ್ವಾಮಿ ಶೆಡ್ಡಿಗೆ ಬೀಗ ಹಾಕಿ, ಬಿಟ್ಟುಬಂದಿದ್ದ ಕಂಪನಿಯ ಶಿಫ್ಟಿಗೆ ಮರಳಬೇಕು. ಇದು ನಮ್ಮೆಲ್ಲರಿಗೂ ಗೊತ್ತಿತ್ತು. ಹಾಗಾಗಿ ನಾನು ರಜೆ ಹಾಕಿ ಹೋಗಿದ್ದೆ. ಅವನ ತಾಯಿ, ಎಂದರೆ ನಮ್ಮ ಅತ್ತೆ ಮುನಿರತ್ನಮ್ಮ, ಇಡೀ ತಂಡಕ್ಕೆ ಮುದ್ದೆ ಸಾರು ಮಾಡಲು ಬಂದಿದ್ದರು.

ನಮ್ಮ ಮರದ ಕಾಯಿಗಳು ಇನ್ನೂ ಹಸಿರಾಗಿದ್ದವು. ನಿರ್ದೇಶಕನ ಕಡೆಯವರು ಬೆಂಗಳೂರಿನಿಂದ ಎರಡು ಪೆಟ್ಟಿಗೆ ಹಣ್ಣು ತಂದು ಒಂದೊಂದನ್ನೇ ದಾರದಲ್ಲಿ ಕೊಂಬೆಗೆ ಕಟ್ಟಿದರು. ಮಾವಿಗೇ ಹೆಸರಾದ ನಮ್ಮ ಶ್ರೀನಿವಾಸಪುರದ ಸೀಮೆಗೆ ಮಾವು ತಂದವರನ್ನು ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಒರೇ ನಾಯನಾ, ಎಲೆಗೂ ಬಣ್ಣ ಬಳೀತಾರೇನ್ಲಾ?"

"ಅಮ್ಮ, ನೀನು ಸುಮ್ನಿರು."

ಹುಲ್ಲಿಗೆ ನಿಜವಾಗಿಯೂ ಬಣ್ಣ ಸಿಂಪಡಿಸಿದರು. ಆಮೇಲೆ ಲೋಟಕ್ಕೆ ಮಾವಿನ ರಸ ಬಂತು, ರಸಕ್ಕೆ ನಾರಾಯಣಸ್ವಾಮಿಯ ಮೂರು ತುಂಡು ಐಸು ಬಿತ್ತು. ಬಿದ್ದದ್ದು ಬಿದ್ದಂತೆಯೇ ಮುಳುಗಿತು. ಅಕ್ರಿಲಿಕ್ಕು ನೀರಿಗಿಂತ ಭಾರ. ಸೋಡಾದಲ್ಲಾದರೆ ತಳದಲ್ಲಾದರೂ ಕಾಣುತ್ತಿತ್ತು, ಈ ಗಟ್ಟಿ ಹಳದಿಯಲ್ಲಿ ಸುಳಿವೇ ಇಲ್ಲ. ಸಾಮಾನ್ಯವಾಗಿ ತಳದಿಂದ ಕಂಠದವರೆಗೆ ತುಂಡು ಪೇರಿಸುತ್ತಾರಂತೆ. ಆದರೆ ಈ ನಿರ್ದೇಶಕನಿಗೆ ಲೋಟ ಅಲ್ಲಾಡಿಸಿದಾಗ ಐಸು ಮೇಲೆ ಗಿರ್ರೆಂದು ತಿರುಗಬೇಕು.

"ಐಸ್ ಎಲ್ರೀ?"

"ಒಳಗಿದೆ ಸಾರ್."

"ಒಳಗಿದ್ರೆ ಯಾರಿಗ್ರೀ ಕಾಣುತ್ತೆ? ಊಟ ಆಗೋದ್ರೊಳಗೆ ತೇಲಿಸಿ. ಇಲ್ದಿದ್ರೆ ನಾನು ಮುಂಬೈಯಿಂದ ತರಿಸ್ಕೋತೀನಿ."

ನಾರಾಯಣಸ್ವಾಮಿಯ ಮುಖ ಅವನ ಐಸಿಗಿಂತ ಬೇಗ ಮುಳುಗಿತು. ನಾನು ಸಮಾಧಾನಕ್ಕೆಂದು ಗ್ರೀಸ್ ದೇಶದ ಒಬ್ಬ ಪಂಡಿತ ಸ್ನಾನದ ತೊಟ್ಟಿಯಲ್ಲಿ ಕಂಡುಕೊಂಡದ್ದನ್ನು ವಿವರಿಸಿದೆ. "ಭಾವ, ನೀವು ಊಟಕ್ಕೆ ನಡೀರಿ" ಎಂದ. ಲೋಟಕ್ಕೆ ನೊಣ ಬೀಳದಂತೆ ಕಾಯಲು ಅತ್ತೆಯನ್ನು ಕೂರಿಸಿ ಎಲ್ಲರೂ ಎದ್ದೆವು.

ಕೈ ತೊಳೆದು ಬಂದು ನೋಡಿದರೆ ಐಸು ತೇಲುತ್ತಿತ್ತು!

ಹೇಗೆ ಎಂದು ಕೇಳುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ, ಬಿಸಿಲು ವಾಲುತ್ತಿತ್ತು. ಜಾಹೀರಾತಿನಲ್ಲಿ ರಸ ಕುಡಿಯಲೆಂದು ಬಂದಿದ್ದ ಬೆಂಗಳೂರಿನ ಹುಡುಗಿ ಲೋಟ ಎತ್ತಿಕೊಂಡಳು. ಬೆಳಗಿನಿಂದ ಆಕೆಯ ಮುಖದಲ್ಲಿ ತಂಪು ಬಂದಿಲ್ಲವೆಂದು ನಿರ್ದೇಶಕ ಗೊಣಗುತ್ತಲೇ ಇದ್ದ. ಕಾದ ರಸ ಕುಡಿದು ತಂಪಾಗುವುದಾದರೂ ಹೇಗೆ ಪಾಪ? ಈ ಸಲ ಲೋಟ ಅಲ್ಲಾಡಿತು, ಐಸು ತಿರುಗಿತು, ಆಕೆ ಒಂದು ಗುಟುಕು ಹೀರಿದಳು. ಕಣ್ಣು ಗಟ್ಟಿಯಾಗಿ ಮುಚ್ಚಿತು, ಹೆಗಲು ನಡುಗಿತು, ತೋಳಿನ ರೋಮ ಎದ್ದು ನಿಂತಿತು, ಬಾಯಿ ತೆರೆದು "ಹಾಆ" ಎಂದಳು.

"ಇದು! ಇದೇ ನಂಗೆ ಬೇಕಾಗಿದ್ದು! ಕಟ್!" ನಿರ್ದೇಶಕ ಕುಣಿದಾಡಿದ. ಹುಡುಗಿ ಮಾತ್ರ ಓಡಿಹೋಗಿ ಮರದ ಹಿಂದೆ ಉಗಿಯುತ್ತಿದ್ದಳು.

ಅತ್ತೆ ಮಡಕೆಯ ನೀರು ಹಿಡಿದು ಆಕೆಯ ಹಿಂದೆ ಓಡಿದರು. ಆಗ ವಿಷಯ ಹೊರಬಿತ್ತು. ಬಿತ್ತನೆಗೆ ಮೊದಲು ರಾಗಿಯನ್ನು ಉಪ್ಪುನೀರಿಗೆ ಹಾಕುತ್ತಾರೆ. ಜೊಳ್ಳು ತೇಲುತ್ತದೆ, ಗಟ್ಟಿಕಾಳು ತಳ ಸೇರುತ್ತದೆ. "ಉಪ್ಪು ಜಾಸ್ತಿ ಬಿದ್ರೆ ಗಟ್ಟಿಕಾಳೂ ಮೇಲಕ್ಕೆ ಬತ್ತದೆ ಸಾರ್. ಇದ್ಯಾವ ಮಹಾ ಅಂತ ಅಡಿಗೇದು ಉಪ್ಪಿನ ಪ್ಯಾಕೆಟ್ಟು ತಂದು ಕಲಕ್ತಾ ಹೋದೆ."

"ಅಮ್ಮ! ಕುಡಿಯೋ ಲೋಟಕ್ಕಾ?" ನಾರಾಯಣಸ್ವಾಮಿ ಹಣೆ ಚಚ್ಚಿಕೊಂಡ.

ಅತ್ತೆ ಆ ಹುಡುಗಿಯ ಗಲ್ಲ ಹಿಡಿದರು. "ತಪ್ಪಾಯ್ತು ತಾಯಿ. ನೀನು ನಿಜವಾಗ್ಲೂ ಕುಡೀತೀಯಾ ಅಂತ ನಂಗೇನು ಗೊತ್ತು? ಹಣ್ಣು ಸುಳ್ಳು, ಹುಲ್ಲು ಸುಳ್ಳು, ಐಸು ಸುಳ್ಳು. ಕುಡಿಯೋದೂ ಸುಳ್ಳೇ ಇರ್ತದೆ ಅಂದ್ಕೊಂಡೆ."

ಮೊದಲು ನಕ್ಕದ್ದು ಆ ಹುಡುಗಿಯೇ. ನಿರ್ದೇಶಕ ನಗಲಿಲ್ಲ, ಯೋಚಿಸಿದ. ತೇಲಿಸುವ ವಿದ್ಯೆಯ ಜೊತೆಗೆ ನಡುಗಿಸುವ ವಿದ್ಯೆಯೂ ಇರುವ ಐಸು ಮುಂಬೈಯಲ್ಲಿ ಸಿಗುವುದಿಲ್ಲವೆಂದು ಅವನಿಗೆ ಹೊಳೆದಿರಬೇಕು. ವರ್ಷಪೂರ್ತಿ ಕೆಲಸ ನಾರಾಯಣಸ್ವಾಮಿಗೇ ಬಂತು. ಈಗ ಅವನ ಶೆಡ್ಡಿನಲ್ಲಿ ಹೊಳಪಿನ ಚಕ್ರದ ಪಕ್ಕ ಒಂದು ಮೂಟೆ ಉಪ್ಪು ಇರುತ್ತದೆ. ಕುಡಿಯುವ ಶಾಟಿಗೆ ಬೇರೆ ಲೋಟ ಎಂಬ ನಿಯಮವೂ ಇದೆ.

ನಾನಂತೂ ಅಂದಿನಿಂದ, ಮೇಲೆ ತೇಲುವವರನ್ನು ಕಂಡರೆ ಸುಮ್ಮನಿರಲಾರೆ. ನಮ್ಮ ಸರ್ಕಲ್ಲಿನ ಫ್ಲೆಕ್ಸುಗಳಲ್ಲಿ ಕೈಮುಗಿದು ನಿಂತ ನಾಯಕರು, ಸಭೆಗಳಲ್ಲಿ ಹಾರದ ಕೆಳಗೆ ಕಾಣುವ ನಮ್ಮ ವಿದ್ವಾಂಸರು, ಎರಡು ಸಲ ಹಾರ ಹಾಕಿಸಿಕೊಂಡ ನಾನೂ ಸೇರಿದಂತೆ. ಇವರು ಹಗುರವೆಂದು ದೂರುವುದು ಅನ್ಯಾಯ. ಪಾಪ, ಮುಳುಗುವಷ್ಟು ಭಾರವೇ ಇದ್ದಾರು. ಕೆಳಗೆ ಯಾರು ಎಷ್ಟು ಉಪ್ಪು ಕಲಕಿದರೆಂದು ಕೇಳಬೇಕು, ಕುಡಿಯುವವರು ಯಾರೆಂದೂ ಕೇಳಬೇಕು.

ಜಾಹೀರಾತು ಟಿ.ವಿ.ಯಲ್ಲಿ ಬಂತು. ಆಕೆ "ಹಾಆ" ಎಂದಾಗ ನನ್ನ ಹಲ್ಲು ಜುಂ ಎಂದಿತು. ಎದ್ದುಹೋಗಿ ಆ ದಿನದ ದಿನಚರಿ ತೆಗೆದೆ. ನನ್ನದೇ ಅಕ್ಷರದಲ್ಲಿ ಹೀಗಿತ್ತು: "ತೋಟದಲ್ಲಿ ಐಸು ಹಾಕಿದ ಮಾವಿನ ರಸ ಕುಡಿದೆ. ಬಹಳ ತಂಪು." ಅಂದು ಆ ತೋಟದಲ್ಲಿ ನಿಜವಾದ ಐಸಿನ ಒಂದು ಚೂರೂ ಇರಲಿಲ್ಲ. ಅತ್ತೆಗೆ ಫೋನು ಮಾಡಿದೆ. "ಮಜ್ಜಿಗೆ ಕುಡಿದ್ರಿ ಅಳಿಯಂದ್ರೇ, ಮಡಕೇದು. ಎರಡು ಲೋಟ" ಎಂದರು. ನೆನಪನ್ನು ನಂಬದೆ ದಿನಚರಿ ಹಿಡಿದವನು ಇನ್ನು ಯಾವುದನ್ನು ಹಿಡಿಯಲಿ?

ನಾರಾಯಣಸ್ವಾಮಿ ಅಂದು ತೇಲಿದ ತುಂಡುಗಳಲ್ಲಿ ಒಂದನ್ನು ನನಗೆ ಕೊಟ್ಟಿದ್ದಾನೆ. ದಿನಚರಿಯ ಹಾಳೆ ಹಾರದಂತೆ ಅದನ್ನೇ ಮೇಲೆ ಇಡುತ್ತೇನೆ. ಕಳೆದ ವಾರ ಅತ್ತೆ ನಮ್ಮ ಮನೆಗೆ ಬಂದಿದ್ದರು. ಮೇಜಿನ ಮುಂದೆ ನಿಂತು ಅದನ್ನೇ ನೋಡಿದರು, ಎತ್ತಿದರು, ಸೆರಗಿನ ತುದಿಯಿಂದ ಅದರ ಕೆಳಗಿನ ಹಾಳೆಯನ್ನು ಸರಸರನೆ ಒರೆಸಿದರು. ಹಾಳೆ ಒಣಗಿಯೇ ಇತ್ತು. ನಾನು ಕಂಡೆನೇನೋ ಎಂದು ತಿರುಗಿ ನೋಡಿದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಇದನ್ನು ದಿನಚರಿಯಲ್ಲಿ ಬರೆದಿಲ್ಲ. ಹಾಗಾಗಿ ಇಷ್ಟಾದರೂ ನಿಜವಿದ್ದೀತು.