ಬಂದೂಕು ನುಂಗಿದ ಗುಂಡು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ರಿಪೇರಿಗೆ ಬಂದಿದ್ದರು. ಹಾಲಿನ ಪ್ಯಾಕೆಟ್ಟಿಗೆಂದು ಬಾಗಿಲು ತೆಗೆದರೆ, ಲಿಫ್ಟಿನವನು ನಮ್ಮ ಹೊಸ್ತಿಲಿನ ಎದುರಿಗೇ ಗ್ರೀಸಿನ ಡಬ್ಬಿ ತೆರೆದು ಕೂತಿದ್ದ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ನಗು ಬಂತು. ಸಣ್ಣ ನಗುವಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಳ್ಳಬೇಕಾದಂಥ ನಗು. ನಮ್ಮ ಮನೆಯವರು ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ ಎಂಬುದು ಕಟ್ಟಡಕ್ಕೆಲ್ಲ ಗೊತ್ತು. ಲಿಫ್ಟಿನವನಿಗೂ ವಾಚ್‌ಮನ್ ಹೇಳಿರಬೇಕು. ಅವನು ಒಮ್ಮೆ ನನ್ನ ಹಣೆ ನೋಡಿದ, ಒಮ್ಮೆ ತನ್ನ ಡಬ್ಬಿ ನೋಡಿದ, ಮೆಲ್ಲಗೆ ಮುಚ್ಚಳ ಹಾಕಿದ.

ಸತ್ತವರ ನೆನಪು ತರುವುದು ಊದಿನಕಡ್ಡಿ, ಮಲ್ಲಿಗೆ, ಅವರು ತೊಟ್ಟ ಅಂಗಿ ಎಂದೆಲ್ಲ ಹೇಳುತ್ತಾರೆ. ನನ್ನ ಪಾಲಿಗೆ ಬಂದದ್ದು ಗ್ರೀಸು. ಏನು ಮಾಡುವುದು ಹೇಳಿ? ಇವರು ಸಿಕಂದರಾಬಾದಿನ ಆಚೆ ನಾಚಾರಂನಲ್ಲಿ ನೀರಿನ ಪಂಪು ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸಿನಲ್ಲಿ ನೌಕರಿ ಮಾಡಿದವರು. ಬೋಲ್ಟು, ಬೇರಿಂಗು, ಗ್ರೀಸು ಎಣಿಸಿ ಕೊಡುವುದು, ಚೌಕಳಿ ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುವುದು, ಸಂಜೆ ಮನೆಗೆ ಕೂಕಟ್‌ಪಲ್ಲಿಯ ಬಸ್ಸು ಹಿಡಿಯುವುದು. ಮಲ್ಲಿಗೆ ವಾಸನೆ ಎಲ್ಲಿಂದ ಬರಬೇಕು?

ನಗು ನಿಂತ ಮೇಲೆ ಒಳಗೆ ಬಂದೆ. ಅಡುಗೆಕಟ್ಟೆಯ ಮೇಲೆ ಮೇಲಿನ ಮಹಡಿಯ ಶ್ರೀಕಾಂತನ ಹೆಂಡತಿ ಕಳಿಸಿದ ಸ್ಟೀಲಿನ ಡಬ್ಬಿ ಬೋರಲಾಗಿ ಬಿದ್ದಿತ್ತು. ಇವರು ಹೋದ ಆ ದಿನಗಳಲ್ಲಿ ಅದರಲ್ಲಿ ಅನ್ನ, ಬೇಳೆಯ ಪಪ್ಪು ಬಂದಿತ್ತು. ತೊಳೆದಿಟ್ಟು ಬಹಳ ದಿನವಾಗಿದೆ, ತಿರುಗಿ ಕೊಟ್ಟಿಲ್ಲ. ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಖಾಲಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಸಕ್ಕರೆ ಮನೆಯಲ್ಲಿತ್ತು, ಆದರೆ ಊಟ ಬಂದ ಡಬ್ಬಿಗೆ ಬರೀ ಸಕ್ಕರೆ ಸಲ್ಲದು. ಏನಾದರೂ ಮಾಡಿ ಹಾಕೋಣವೆಂದರೆ ಒಲೆ ಹಚ್ಚಲು ಕೈ ಏಳುತ್ತಿರಲಿಲ್ಲ.

ಈ ಖಾಲಿಯ ಕಾಯಿದೆ ನನಗೆ ಕಲಿಸಿದವರು ನಮ್ಮ ಅತ್ತೆ. ನಾನು ನಕ್ಕ ಕಥೆಯೂ ಅವರದೇ.

ಅತ್ತೆ ಹುಮನಾಬಾದಿನ ಹತ್ತಿರದ ಹಳ್ಳಿಯವರು. ಮಾವನವರು ಹೋದ ಮೇಲೆ ಒಂದು ಟ್ರಂಕು, ಒಂದು ರೊಟ್ಟಿ ಹಂಚು, ಒಂದು ಬಂದೂಕು ತೆಗೆದುಕೊಂಡು ನಮ್ಮ ಫ್ಲ್ಯಾಟಿಗೆ ಬಂದರು. ನಳಿಗೆಯ ಬಾಯಿಂದ ಮದ್ದು ತುಂಬಿ, ಆಮೇಲೆ ಸೀಸದ ಗುಂಡು ಇಟ್ಟು, ಸಲಾಕೆಯಿಂದ ಜಡಿಯಬೇಕಾದ ಹಳೆಯ ಕಾಲದ ಬಂದೂಕು ಅದು. ಅದರಿಂದ ಮಾವ ಜೋಳದ ಹೊಲಕ್ಕೆ ಬರುವ ಹಂದಿಗಳನ್ನು ಹೆದರಿಸುತ್ತಿದ್ದರಂತೆ. ಹಂದಿ ಹೆದರುತ್ತಿದ್ದವೋ ಇಲ್ಲವೋ, ಅತ್ತೆ ಅಂತೂ ಹೆದರುತ್ತಿದ್ದರು. ಮಾವ ಹೋದ ಮೇಲೆ ಹೆದರಿಕೆಯೂ ಹೋಗಿ, ಬಂದೂಕೇ ಅವರ ಜಾಗದಲ್ಲಿ ಕೂತುಬಿಟ್ಟಿತ್ತು. ಲೈಸೆನ್ಸು ಇವರ ಹೆಸರಿಗೆ ಬಂತು, ಬಂದೂಕು ಹಾಲ್‌ನ ಗೋಡೆಗೆ ಬಂತು. ದಿನಾ ಬೆಳಿಗ್ಗೆ ಅತ್ತೆ ಅದರ ಎದುರು ಚಹಾದ ಬಟ್ಟಲು ಹಿಡಿದು ನಿಂತು, ಟೊಮೆಟೊ ದರ, ನೀರಿನ ಟ್ಯಾಂಕರು ಬರದಿದ್ದದ್ದು, ನಾನು ಪಲ್ಯಕ್ಕೆ ಉಪ್ಪು ಹೆಚ್ಚು ಹಾಕಿದ್ದು, ಎಲ್ಲ ವರದಿ ಒಪ್ಪಿಸುತ್ತಿದ್ದರು. ಉಪ್ಪಿನ ವರದಿ ಮಾತ್ರ ನನಗೆ ಕೇಳುವಷ್ಟು ಗಟ್ಟಿಯಾಗಿ.

ಆಗ ಈ ಊರಿಗೆ ಕಂಪ್ಯೂಟರಿನ ಜ್ವರ. ಕರೆಂಟಿನ ಕಂಬಕ್ಕೂ ಕೋರ್ಸಿನ ಚೀಟಿ, ಮೂತ್ರ ಮಾಡಬಾರದೆಂದು ಬರೆದ ಗೋಡೆಗೂ ಕೋರ್ಸಿನ ಚೀಟಿ. ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಮದುವೆಯಾಗದ ಎಂಜಿನಿಯರುಗಳು ತುಂಬಿಕೊಂಡಿದ್ದರು. ಅವರಲ್ಲೊಬ್ಬ ಈ ಶ್ರೀಕಾಂತ, ತೆಲುಗಿನವನು. ಅತ್ತೆಯ ಜೋಳದ ರೊಟ್ಟಿಗೆ ಸೋತು ನಮ್ಮ ಮನೆಗೆ ಬಂದು ಹೋಗಿ ಮಾಡುತ್ತಿದ್ದ.

ಖಂಡೇ ಪೂಜೆಯ ದಿನ ಬಂತು, ಅಂದರೆ ಆಯುಧಪೂಜೆ. ಇವರ ಸ್ಕೂಟರು, ನನ್ನ ಮಿಕ್ಸಿ, ಶ್ರೀಕಾಂತನ ಕಂಪ್ಯೂಟರಿನ ಇಲಿ, ಎಲ್ಲಕ್ಕೂ ಕುಂಕುಮ. ಬಂದೂಕಿನ ಸರದಿ ಬಂದಾಗ ಅತ್ತೆಗೆ ಅನುಮಾನ ಬಂತು.

"ತಮ್ಮಾ, ಖಾಲಿ ಬಾಯೀಲೆ ಪೂಜಾ ಮಾಡಬಾರದಪಾ. ಏನರ ಹಾಕು."

"ಅವ್ವಾ, ಬಂದೂಕಕ್ಕೇನು ಹಾಕಲಿ? ಹೋಳಿಗಿ?"

"ನಿಮ್ಮಪ್ಪನ ಗುಂಡು ಟ್ರಂಕಿನ್ಯಾಗ ಐತಿ. ಅದನ್ನ ಹಾಕು."

ತಾಯಿಯ ಮಾತು ಮೀರಿ ಗೊತ್ತಿಲ್ಲದವರು ಇವರು. ಬಂದೂಕು ತುಂಬಿಯೂ ಗೊತ್ತಿಲ್ಲದವರು. ಸೀಸದ ಗುಂಡಿಗೆ ಅರಿಸಿನದ ಬಟ್ಟೆ ಸುತ್ತಿ, ನಳಿಗೆಯ ಬಾಯಿಗಿಟ್ಟು, ಭಕ್ತಿಯಿಂದ ಸಲಾಕೆ ಹಾಕಿ ತಳದವರೆಗೂ ಜಡಿದರು. ಕಾಯಿ ಒಡೆದೆವು, ಆರತಿ ಎತ್ತಿದೆವು. ಎಲ್ಲ ಮುಗಿದ ಮೇಲೆ ಗುಂಡು ತೆಗೆಯೋಣವೆಂದು ಬಂದೂಕು ಬಗ್ಗಿಸಿದರೆ ಅದು ಬರಲಿಲ್ಲ. ಮದ್ದಿದ್ದರೆ ಗುಂಡಿಗೆ ಹೊರಗೆ ಹೋಗುವ ದಾರಿಯಿರುತ್ತದೆ. ಮದ್ದಿಲ್ಲದ ಗುಂಡು ಮನೆಯಳಿಯನ ಹಾಗೆ, ಕೂತರೆ ಕೂತಿತು.

ಮದ್ದಿಲ್ಲ ಎಂದೆನಷ್ಟೆ? ಅದೂ ಖಾತ್ರಿಯಿರಲಿಲ್ಲ. ಮಾವ ಕೊನೆಯ ಸಲ ಬಂದೂಕು ತೆಗೆದಿಟ್ಟಾಗ ತಳದಲ್ಲಿ ಏನು ಬಿಟ್ಟಿದ್ದರೋ ಯಾರಿಗೆ ಗೊತ್ತು? ಈ ಪ್ರಶ್ನೆ ಕೇಳಿದವನು ಶ್ರೀಕಾಂತ. ಕೇಳಿದವನೇ ಸೋಫಾದ ಹಿಂದೆ ಹೋಗಿ ನಿಂತ. ಅಲ್ಲಿಂದಲೇ, "ಅಂಕುಲ್, ದೀನಿಕಿ ಅನ್‌ಡೂ ಲೇದಾ?" ಎಂದ. ಕಂಪ್ಯೂಟರಿನಲ್ಲಿ ತಪ್ಪು ಮಾಡಿದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದಂತೆ, ಇದಕ್ಕೆ ಅಂಥದ್ದೇನೂ ಇಲ್ಲವೇ ಎಂದು ಅವನ ಪ್ರಶ್ನೆ.

ಮದ್ದಿದ್ದರೆ ತೊಯ್ದು ಸಾಯಲಿ ಎಂದು ಅತ್ತೆ ನಳಿಗೆಗೆ ಕುಸುಬಿ ಎಣ್ಣೆ ಸುರಿದರು. ಎರಡನೆಯ ಉಪಾಯವಾಗಿ, ತೊಟ್ಟಿಲು ಕಟ್ಟುವ ಕೊಂಡಿಗೆ ಬಂದೂಕನ್ನು ತಲೆಕೆಳಗಾಗಿ ತೂಗುಹಾಕಿದೆವು. ಮದುವೆಯಾಗಿ ಅಷ್ಟು ವರ್ಷವಾದರೂ ಆ ಕೊಂಡಿಗೆ ತೂಗುವಂಥದ್ದು ನಮ್ಮ ಮನೆಗೆ ಬಂದಿರಲಿಲ್ಲ. ಮೊದಲು ತೂಗಿದ್ದು ಬಂದೂಕು. ಅತ್ತೆ ದಾರಿಯಲ್ಲಿ ಹೋಗುತ್ತ ಬರುತ್ತ ಅದನ್ನು ಒಮ್ಮೆ ತೂಗಿ ಹೋಗುತ್ತಿದ್ದರು. ಎಣ್ಣೆಯೆಲ್ಲ ತೊಟ್ಟಿಕ್ಕಿ ಕೆಳಗೆ ಹಾಸಿದ ಚಾದರ ಹಾಳಾಯಿತು, ಗುಂಡು ಬರಲಿಲ್ಲ.

"ಹುಡುಗ್ರು ರೊಕ್ಕ ನುಂಗಿದ್ರ ಬಾಳೆಹಣ್ಣು ತಿನಸ್ತಾರ," ಎಂದರು ಅತ್ತೆ. "ಅದು ತಾನs ಜಾರಿಕೊಂಡು ಬರತೈತಿ."

"ಅತ್ತೀ, ಇದು ಬಂದೂಕ ರೀ."

"ಹೌದಲ್ಲಾ. ಹುಡುಗರಕಿಂತಾ ನೆಟ್ಟಗ ಐತಿ ಗಂಟಲಾ."

ಹೀಗೆ ನಗುತ್ತಲೇ ಇರುತ್ತಿದ್ದೆವೇನೋ. ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಇಟ್ಟು, ಮುಗಿದ ಮೇಲೆ ತರಬೇಕು. ಗುಂಡು ತುಂಬಿದ ಬಂದೂಕು ಹಿಡಿದುಕೊಂಡು ಠಾಣೆಯೊಳಗೆ ಕಾಲಿಟ್ಟರೆ ಲೈಸೆನ್ಸು ಹೋಗುತ್ತದೆ, ಬಂದೂಕು ತಿರುಗಿ ಬರುವುದಿಲ್ಲ ಎಂದು ಇವರಿಗೆ ಯಾರೋ ಹೇಳಿದರು. ಆ ದಿನ ಅತ್ತೆ ಚಹಾದ ಬಟ್ಟಲು ಹಿಡಿದು ಎಂದಿನಂತೆ ನಿಂತರು. ವರದಿ ಒಪ್ಪಿಸಲಿಲ್ಲ. ಚಹಾ ಆರುವತನಕ ನಿಂತು, ತಿರುಗಿ, "ತಮ್ಮಾ, ಅದನ್ನ ಕಳಕೋಬ್ಯಾಡಪಾ," ಎಂದರು. ಅಷ್ಟೇ. ಊರಿನ ಮನೆ ಬಿದ್ದು ಹೋಗಿತ್ತು, ಮಾವನದೊಂದು ಫೋಟೋ ಕೂಡ ಇರಲಿಲ್ಲ.

ಇವರು ಸಿಕಂದರಾಬಾದಿನ ಒಂದು ಬಂದೂಕಿನ ಅಂಗಡಿಗೆ ಹೋಗಿ ವಿಚಾರಿಸಿದರು. ಅಂಗಡಿಯವನು ಹಲ್ಲುಕಡ್ಡಿ ಬಾಯಿಂದ ತೆಗೆಯದೆ, "ಥೋಡಾ ಬಾರೂದ್ ಡಾಲೋ ಸಾಬ್, ಉಡಾ ದೋ," ಎಂದನಂತೆ. ಚೂರು ಮದ್ದು ತೂರಿಸಿ ಹಾರಿಸಿಬಿಡಿ!

"ಕೂಕಟ್‌ಪಲ್ಲಿಯಲ್ಲಿ ಎಲ್ಲಿಗೆ ಹಾರಿಸಲಿ?" ಎಂದು ಇವರು ಕೇಳಿದ್ದಕ್ಕೆ, "ಆಸ್ಮಾನ್ ಇತ್ತಾ ಬಡಾ ಹೈ!" ಎಂದು ಕೈ ಎತ್ತಿ ತೋರಿಸಿದನಂತೆ. ಇವರು ಮನೆಗೆ ಬಂದು ಬಾಲ್ಕನಿಯಿಂದ ಆಕಾಶ ಹುಡುಕಿದರು. ನೀರಿನ ಟ್ಯಾಂಕು, ಡಿಶ್ಶು, ಒಣಗಿಹಾಕಿದ ಎಂಜಿನಿಯರುಗಳ ಪ್ಯಾಂಟು ಕಂಡವು. ಆಕಾಶ ಅಷ್ಟೇನೂ ದೊಡ್ಡದಿರಲಿಲ್ಲ.

ಬಾಳೆಹಣ್ಣಿನ ಮಾತು ಇವರ ತಲೆಯಲ್ಲಿ ಹೇಗೆ ತಿರುಗಿತೋ ಕಾಣೆ. ಕಾರ್ಖಾನೆಯಲ್ಲಿ ಬೇರಿಂಗಿಗೆ ಹೊಸ ಗ್ರೀಸು ಒತ್ತಿದರೆ ಆಚೆಯಿಂದ ಹಳೆಯದು ಹೊರಬರುವುದನ್ನು ದಿನಾ ನೋಡುತ್ತಿದ್ದರಲ್ಲ. ಬಂದೂಕಿನ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪು ಕೂರಿಸುವ ಪುಟ್ಟ ಮೂತಿಯನ್ನು ಬಿಚ್ಚಿ ಕಿಸೆಯಲ್ಲಿಟ್ಟುಕೊಂಡು ಹೋಗಿ, ಅದೇ ಅಳತೆಯ, ಗ್ರೀಸು ಒತ್ತಲು ಬರುವಂಥ ಒಂದು ಮೂತಿಯನ್ನು ಲೇಥಿನಲ್ಲಿ ಮಾಡಿಸಿಕೊಂಡು, ಜೊತೆಗೆ ಗ್ರೀಸು ಒತ್ತುವ ಗ್ರೀಸ್ ಗನ್ನು ಕೇಳಿ ತಂದರು. ಅತ್ತೆ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದಕ್ಕೂ ಲೈಸನ್ಸ್ ಬೇಕೇನೋ?" ಎಂದರು.

ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಕೆಲಸ ಶುರುವಾಯಿತು. ಒಂದು ಕಡೆ ನನ್ನ ಮೆಣಸಿನಕಾಯಿ ಒಣಗುತ್ತಿದ್ದವು. ನಳಿಗೆಯ ಬಾಯನ್ನು ಮಡಚಿದ ರಜಾಯಿಯ ಕಡೆ ತಿರುಗಿಸಿ, ಕೆಳಗೆ ಬಕೆಟ್ಟು ಇಟ್ಟು, ಬಂದೂಕನ್ನು ಸ್ಟೂಲಿಗೆ ಕಟ್ಟಿದೆವು. ಶ್ರೀಕಾಂತ ಹೆಲ್ಮೆಟ್ ಹಾಕಿಕೊಂಡು ಬಂದಿದ್ದ. ಇವರು ಬುಡದ ಹೊಸ ಮೂತಿಯಿಂದ ಗ್ರೀಸು ಒತ್ತತೊಡಗಿದರು. ಒತ್ತಿದರು, ಒತ್ತಿದರು, ಏನೂ ಆಗಲಿಲ್ಲ. ಡಬ್ಬಿಯ ಗ್ರೀಸು ಇಳಿಯುತ್ತಿತ್ತು, ಇವರ ಬೆವರೂ ಇಳಿಯುತ್ತಿತ್ತು. "ತಿನ್ನಾಕತ್ತೈತಿ, ತಿನ್ನಾಕತ್ತೈತಿ," ಎಂದು ಅತ್ತೆ ಪಕ್ಕದಲ್ಲಿ ಕೂತು ಧೈರ್ಯ ಹೇಳುತ್ತಿದ್ದರು. ಯಾರಿಗೆ ಹೇಳುತ್ತಿದ್ದರೋ, ಮಗನಿಗೋ ಬಂದೂಕಿಗೋ.

ಆಮೇಲೆ ನಳಿಗೆಯ ಬಾಯಲ್ಲಿ ಅರಿಸಿನದ ಬಣ್ಣ ಕಂಡಿತು. ಢಂ ಎಂದೇನೂ ಆಗಲಿಲ್ಲ. ಗುಂಡು ಯಾವ ಅವಸರವೂ ಇಲ್ಲದೆ ಇಣುಕಿ, ಯೋಚನೆ ಮಾಡಿ, ಟಣ್ ಎಂದು ಬಕೆಟ್ಟಿಗೆ ಬಿತ್ತು. ಅದರ ಹಿಂದೆ ಗ್ರೀಸು, ಹಾವಿನ ಹಾಗೆ. ಶ್ರೀಕಾಂತ ಹೆಲ್ಮೆಟ್ಟಿನೊಳಗಿಂದಲೇ ಕೂಗು ಹಾಕಿದ. ನಾನು ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಗ್ರೀಸಿನ ಜೊತೆ ಇನ್ನೊಂದೇನೋ ಹೊರಬಂತು. ಉಂಡೆಯಾಗಿ ಮುದುಡಿದ ಬಟ್ಟೆ ಅದು, ಗುಂಡಿಗೆ ಸುತ್ತಿದ ಅರಿಸಿನದ್ದಲ್ಲ. ಗುಂಡಿಗಿಂತ ಮುಂಚೆಯೇ ತಳದಲ್ಲಿ ಇದ್ದದ್ದು. ಅತ್ತೆ ಬಕೆಟ್ಟಿಗೆ ಕೈ ಹಾಕಿ ತೆಗೆದು, ಗ್ರೀಸು ಒರೆಸಿ, ಬಿಡಿಸಿ ನೋಡಿದರು. ಮಾಸಿದ ಕೆಂಪು ರುಮಾಲಿನ ತುಂಡು.

"ಅವರ ರುಮಾಲ," ಎಂದರು. ಅದನ್ನು ತೊಡೆಯ ಮೇಲೆ ಹರವಿ, "ಖಾಲಿ ಇಟ್ಟಿದ್ದಿಲ್ಲ ನೋಡು ತಂಗಿ. ನಾನs ಸುಳ್ಳೆ ಸಂಶೇ ಪಟ್ಟೆ," ಎಂದು ನನಗೆ ಹೇಳಿದರು.

ನಳಿಗೆಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಬಟ್ಟೆ ಇಟ್ಟಿರುತ್ತಾರೆ, ಅದರಲ್ಲೇನಿದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಮೆಣಸಿನಕಾಯಿ ಮೇಲೆ ಗ್ರೀಸು ಸಿಡಿದದ್ದರ ಕಡೆಗೇ ನನ್ನ ಗಮನವಿತ್ತು. ಇವರು ಮಾತ್ರ ತಾಯಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಆ ತುಂಡನ್ನೇ ನೋಡುತ್ತಿದ್ದರು. ಅತ್ತೆ ಅದನ್ನು ಸೀಗೆಕಾಯಿ ಹಾಕಿ ತೊಳೆದರು. ವಾಸನೆ ಹೋಗಲಿಲ್ಲ. ಹಾಗೇ ದಿಂಬಿನ ಕೆಳಗಿಟ್ಟುಕೊಂಡರು. ಬಂದೂಕು ಠಾಣೆಗೆ ಹೋಯಿತು, ಬಂತು. ಎಷ್ಟೋ ಚುನಾವಣೆ ಆದವು, ಅತ್ತೆ ಹೋದರು, ನಮ್ಮ ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ಬಂತು, ಶ್ರೀಕಾಂತನ ತಲೆ ಬೋಳಾಯಿತು. ಬಂದೂಕು ಗೋಡೆಯ ಮೇಲೇ ಇತ್ತು.

ಈಗ ಲೈಸೆನ್ಸಿನವರು ಇಲ್ಲ. ಆದ್ದರಿಂದ ಅದನ್ನು ಠಾಣೆಗೆ ಒಪ್ಪಿಸಬೇಕು. ನಿನ್ನೆ ಬೆಳಿಗ್ಗೆ ಚಾದರದಲ್ಲಿ ಸುತ್ತಿಕೊಂಡು ಹೋದೆ, ಜೊತೆಗೆ ಶ್ರೀಕಾಂತ ಬಂದ. ಪೊಲೀಸಿನವನು ನಳಿಗೆಗೆ ಸಲಾಕೆ ಹಾಕಿ ನೋಡಿದ. ಸಲಾಕೆ ತಳ ಮುಟ್ಟಲಿಲ್ಲ.

"ಏಮ್ಮಾ, ಲೋಪಲ ಏದೋ ಉಂದಿ!" ಎಂದ. ಒಳಗೆ ಏನೋ ಇದೆ.

ಶ್ರೀಕಾಂತ ನನ್ನ ಮುಖ ನೋಡಿದ. ಪಾಪ, ಈ ಸಲ ಹೆಲ್ಮೆಟ್ ತಂದಿರಲಿಲ್ಲ. ಪೊಲೀಸಿನವನು ತಿರುಪಿನ ಮೊನೆಯ ಇನ್ನೊಂದು ಸಲಾಕೆ ತಂದು, ಕೊರೆದು, ಮೆಲ್ಲಗೆ ಎಳೆದ. ಬಂದದ್ದು ಇವರ ಚೌಕಳಿ ಕರವಸ್ತ್ರ, ಗ್ರೀಸಿನ ವಾಸನೆ ಸಮೇತ. ಕಳೆದುಹಾಕಿದ್ದಾನೆಂದು ಇಸ್ತ್ರಿಯವನೊಂದಿಗೆ ನಾನು ಜಗಳವಾಡಿ ಮಾತು ಬಿಟ್ಟಿದ್ದು ಇದಕ್ಕೇ.

ತುಕ್ಕು ಹಿಡಿಯದಿರಲೆಂದು ಇಟ್ಟಿರಬಹುದು. ಇರಬಹುದು. ಪೊಲೀಸಿನವನೂ ಹಾಗೇ ಹೇಳಿದ. ಆದರೆ ಅದನ್ನು ಕೈಗೆ ತೆಗೆದುಕೊಂಡಾಗ ಅತ್ತೆ ಬಕೆಟ್ಟಿಗೆ ಯಾಕೆ ಹಾಗೆ ಕೈ ಹಾಕಿದರೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. "ಖಾಲಿ ಇಟ್ಟಿದ್ದಿಲ್ಲ ನೋಡ್ರಿ ಅತ್ತೀ," ಎಂದೆ, ಠಾಣೆಯ ನಡುವೆ, ಕನ್ನಡದಲ್ಲಿ, ಗಟ್ಟಿಯಾಗಿ. ಪೊಲೀಸಿನವನು ಶ್ರೀಕಾಂತನಿಗೆ ನನ್ನನ್ನು ಮನೆಗೆ ಕರೆದುಕೊಂಡು ಹೋಗಲು ಸನ್ನೆ ಮಾಡಿದ.

ಮನೆಗೆ ಬಂದು ಗೋಡೆ ನೋಡಿದೆ. ಬಂದೂಕಿದ್ದ ಜಾಗದಲ್ಲಿ ಉದ್ದಕ್ಕೆ ಬಿಳಿಯ ಗುರುತು. ಅದರ ಎದುರು ನಿಂತು ಠಾಣೆಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಆಮೇಲೆ ಒಲೆ ಹಚ್ಚಿದೆ. ಶೇಂಗಾ ಹುರಿದು, ಸಿಪ್ಪೆ ಕೇರಿ, ಬೆಲ್ಲ ಕುಟ್ಟಿ ಉಂಡಿ ಕಟ್ಟಿದೆ. ಕೈಗೆ ಇನ್ನೂ ಗ್ರೀಸಿನ ವಾಸನೆ ಇತ್ತೋ ಏನೋ, ಚೆನ್ನಾಗಿಯೇ ತೊಳೆದಿದ್ದೆ. ಡಬ್ಬಿ ತುಂಬಿಸಿ, ರಿಪೇರಿಯಾದ ಲಿಫ್ಟಿನಲ್ಲಿ ಮೇಲೆ ಹೋಗಿ ಶ್ರೀಕಾಂತನ ಹೆಂಡತಿಯ ಕೈಗೆ ಕೊಟ್ಟು ಬಂದೆ.

ಸಂಜೆ ಬಾಗಿಲು ಬಡಿದ ಸದ್ದು. ಶ್ರೀಕಾಂತ ಅದೇ ಡಬ್ಬಿ ಹಿಡಿದು ನಿಂತಿದ್ದ, ಅದರ ತುಂಬ ಸಕಿನಾಲು, ಅವರ ಕಡೆಯ ಎಳ್ಳಿನ ಚಕ್ಕುಲಿ. "ಖಾಲಿ ಇವ್ವಕೂಡದು ಕದಾ ಆಂಟೀ," ಎಂದ. ಖಾಲಿ ಕೊಡಬಾರದಲ್ಲವೇ!

ಈಗ ಆ ಡಬ್ಬಿ ಮತ್ತೆ ನಮ್ಮ ಅಡುಗೆಕಟ್ಟೆಯ ಮೇಲಿದೆ. ಹೀಗಾದರೆ ಇದು ಮುಗಿಯುವ ಹಾಗೆ ಕಾಣುವುದಿಲ್ಲ. ನಾಳೆ ಏನು ಮಾಡಲಿ ಎಂದು ಯೋಚಿಸುತ್ತಿದ್ದೇನೆ.