ಗುಡ್ಡ ಇಳಿಯದ ಗುರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಪಂಪಣ್ಣ ಮಾಮನ ಕುರ್ಚಿ ಬೆತ್ತದ್ದೋ ಪ್ಲಾಸ್ಟಿಕ್ಕಿನದೋ, ನಾನಾಗ ಆರನೇ ತರಗತಿಯೋ ಏಳನೆಯದೋ, ಆ ಧಾರಾವಾಹಿಯ ಹೆಸರೇನು, ಯಾವುದನ್ನೂ ಆಣೆ ಮಾಡಿ ಹೇಳಲಾರೆ. ಆದರೆ ಟಿವಿಯಲ್ಲಿ ಹೊಡೆದಾಟ ಶುರುವಾಗುತ್ತಲೇ ಮಾಮ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡು, ನೆಲದ ಮೇಲಿನ ಚಹಾ ಲೋಟವನ್ನು ಗೋಡೆಯ ಕಡೆಗೆ ಸರಿಸುತ್ತಿದ್ದದ್ದು ಮಾತ್ರ ನಿಜ. ಹೊಡೆದಾಡುವವರಿಗೆ ಜಾಗ ಬಿಟ್ಟುಕೊಟ್ಟ ಹಾಗೆ.

"ಟಿವಿ ಒಡಕೊಂಡು ಹೊರಗ ಬರ್ತಾರೇನ್ರಿ ಅವ್ರು?" ಎಂದು ಅತ್ತೆ ಅಡುಗೆಮನೆಯಿಂದಲೇ ಕೆಣಕುತ್ತಿದ್ದಳು.

"ಬಂದ್ರ ಬರ್ಲಿ. ಚಾ ಚೆಲ್ಲಬಾರ್ದಲ್ಲ" ಎನ್ನುತ್ತಿದ್ದ ಮಾಮ.

ಮಾಮ ನನ್ನ ಅವ್ವನ ತಮ್ಮ. ಸಂಡೂರಿನ ಗುಡ್ಡಗಳ ನಡುವಿನ ಗಣಿಯೊಂದರಲ್ಲಿ ಡ್ರಿಲ್ ಆಪರೇಟರ್ ಆಗಿದ್ದ. ಅಲ್ಲಿನ ಶಾಲೆ ಚೆನ್ನಾಗಿದೆಯೆಂದು ಕಂಪ್ಲಿಯಿಂದ ನನ್ನನ್ನು ಅವನ ಕ್ವಾರ್ಟರ್ಸಿಗೆ ಕಳಿಸಿದ್ದರು. ಮಾಮ-ಅತ್ತೆಗೆ ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಬಿಳಿ ಬಣ್ಣ ಹೆಚ್ಚು ದಿನ ಬಾಳುತ್ತಿರಲಿಲ್ಲ. ಬನಿಯನ್ನು, ಟವೆಲ್ಲು, ದಿಂಬಿನ ಚೀಲ ಎಲ್ಲಕ್ಕೂ ಅದಿರಿನ ಧೂಳು ಹತ್ತಿ ಕೆಂಪಾಗುತ್ತಿತ್ತು. ಸ್ನಾನ ಮಾಡಿ ಬಂದ ಮಾಮನ ಹುಬ್ಬುಗಳೂ ತುಸು ಕೆಂಪಗೇ ಇರುತ್ತಿದ್ದವು.

ಸಂಜೆ ಆರೂವರೆಗೆ ಆ ಧಾರಾವಾಹಿ. ಯಾವುದೋ ದೂರದೇಶದ ಮಠ, ಮುದುಕ ಗುರು, ಅವನ ಬಳಿ ಕುಸ್ತಿಗಿಂತ ಬೇರೆಯದೇ ಆದ ಕಾದಾಟ ಕಲಿಯುವ ಶಿಷ್ಯರು. ಮಾತೆಲ್ಲ ಹಿಂದಿಯಲ್ಲಿ. ಮಾಮನಿಗೆ ಹಿಂದಿ ಬಾರದು. ನನಗೆ ಶಾಲೆಯಲ್ಲಿ ಕಲಿತಷ್ಟು ಬರುತ್ತಿತ್ತು. ಹಾಗಾಗಿ ನಾನು ಅವನ "ಹಿಂದಿ ಟೀಚರ್" ಆದೆ. ಅವನಿಗೆ ಶಿಷ್ಯರ ಹಾರಾಟಕ್ಕಿಂತ ಗುರುವೇ ಇಷ್ಟ. ಗುರು ದಿನವೂ ಅಂಗಳ ಗುಡಿಸಿದ ಮೇಲೇ ಪಾಠ ಶುರುಮಾಡುತ್ತಿದ್ದ. "ನೋಡಲೇ, ಕಸಾ ಹೊಡಿಯಾಕ ಬರದಂವಗ ಮಂದಿ ಹೊಡಿಯಾಕೂ ಬರಂಗಿಲ್ಲ" ಎಂದು ಮಾಮ ತಲೆದೂಗುತ್ತಿದ್ದ. ಡ್ರಿಲ್ಲಿನ ಕೆಲಸವೂ ಹಾಗೇ ಅಂತೆ. ಬಂಡೆಯ ಜೊತೆ ಜಗಳಕ್ಕೆ ನಿಲ್ಲಬಾರದು, ಅದು ಎಲ್ಲಿ ದಾರಿ ಬಿಡುತ್ತದೆ ಅಂತ ಕೇಳಬೇಕು. ಉಸಿರನ್ನು ಹೊಟ್ಟೆಯ ತನಕ ಇಳಿಸಬೇಕು ಎಂದು ಗುರು ಹೇಳಿದ್ದನ್ನು ನಾನು ಕನ್ನಡ ಮಾಡಿ ಹೇಳಿದೆ. ಮರುದಿನದಿಂದ ಮಾಮ ಹಿತ್ತಲ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತ. ನಾಲ್ಕನೆಯದೋ ಐದನೆಯದೋ ಉಸಿರಿಗೆ ಕೆಮ್ಮು ಬರುತ್ತಿತ್ತು. ನಿಲ್ಲುವ ತನಕ ಕಾದು ಮತ್ತೆ ಒಂದರಿಂದ ಶುರುಮಾಡುತ್ತಿದ್ದ.

ಅವನ ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಮೂರು ವಾರಕ್ಕೊಮ್ಮೆ ಸೆಕೆಂಡ್ ಶಿಫ್ಟ್ ಬಂದಾಗ ಸಂಜೆ ಅವನು ಗುಡ್ಡದ ಮೇಲಿರುತ್ತಿದ್ದ. ಆ ವಾರ ನಾನೊಬ್ಬಳೇ ನೋಡಿ, ಮರುದಿನ ಬೆಳಿಗ್ಗೆ ಅತ್ತೆಯಿಂದ ಜಡೆ ಹಾಕಿಸಿಕೊಳ್ಳುತ್ತ ಅವನಿಗೆ ಕತೆ ಒಪ್ಪಿಸಬೇಕಿತ್ತು. ಅಂಥ ಒಂದು ವಾರದಲ್ಲೇ ಗುರು ಸತ್ತ. ಅವನಿಗೂ ಕೆಮ್ಮಿತ್ತು. ಶಿಷ್ಯನ ತೊಡೆಯ ಮೇಲೆ ತಲೆಯಿಟ್ಟು ಸತ್ತ. ಅತ್ತೆಯೂ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು ಎಂದು ನನ್ನ ನೆನಪು. ಅದು ಬೇರೆ ಯಾವುದೋ ದಿನವೂ ಇದ್ದೀತು.

ಬೆಳಿಗ್ಗೆ ಮಾಮ ಕೇಳಿದ: "ಏನಂತಾನ ನಮ್ಮ ಗುರು?"

ಅದೇ ಆಗ ಅವನು ಮೆಟ್ಟಿಲಿಂದ ಎದ್ದು ಬಂದಿದ್ದ, ಕಣ್ಣಲ್ಲಿ ಕೆಮ್ಮಿನ ನೀರಿತ್ತು. ನನಗೆ ಹೇಳಲಾಗಲಿಲ್ಲ. ಗುರು ಗುಡ್ಡದ ಮೇಲಿನ ಗುಹೆಗೆ ಹೋಗ್ಯಾನ ಅಂದೆ. ಬರೀ ಉಸಿರಿನಿಂದ ಕೆಮ್ಮು ವಾಸಿ ಮಾಡಿಕೊಂಡು ಇಳಿದು ಬರ್ತಾನಂತ ಅಂದೆ. ಜಡೆ ಹಾಕುತ್ತಿದ್ದ ಅತ್ತೆಯ ಕೈ ಆಗ ನಿಂತಿತೇ? ನಿಂತಿತು ಎಂದು ಬರೆಯಲು ಈಗ ಆಸೆಯಾಗುತ್ತದೆ, ಆದರೆ ಗೊತ್ತಿಲ್ಲ.

ಮುಂದಿನ ವಾರ ಶಿಷ್ಯರೆಲ್ಲ ಬಿಳಿ ಬಟ್ಟೆಯಲ್ಲಿ ಬಂದರು. ವ್ರತ ಹಿಡಿದಾರ ಎಂದೆ. "ಅವ್ರ ಊರಾಗ ಧೂಳಿಲ್ಲ ಬಿಡು" ಎಂದ ಮಾಮ. ಅವರು ಸತ್ತ ಗುರುವಿನ ಹೆಸರು ಕೆತ್ತಿದ ಮರದ ಹಲಗೆಯ ಮುಂದೆ ಊದುಬತ್ತಿ ಹಚ್ಚಿದರು. ಅದು ಅವರ ಮನೆದೇವರು ಎಂದೆ. ಮಾಮ ಹಲಗೆಯನ್ನೇ ನೋಡುತ್ತ ಕೂತ.

ಅದೇ ಸುಮಾರಿಗೆ ಕಾಲೊನಿಯ ಡಾಕ್ಟರು ಹೊಸಪೇಟೆಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸು ಎಂದು ಚೀಟಿ ಬರೆದುಕೊಟ್ಟರು. ಮಾಮ ಅದನ್ನು ಗೋಡೆಯ ಕನ್ನಡಿಯ ಹಿಂದೆ ಸಿಕ್ಕಿಸಿದ. ಅತ್ತೆ ದಿನಕ್ಕೆ ಎರಡು ಸಲ ನೆನಪಿಸುತ್ತಿದ್ದಳು. ಬಸ್ಸು ಬಾಗಿಲಿಗೇ ಬರ್ತೈತಿ, ಹೋಗಿ ಬರಾಕ ಏನ್ ಧಾಡಿ ಎಂದು ಬೈದೂ ನೋಡಿದಳು. ಅದಕ್ಕೆ ಅವನ ಉತ್ತರ ಒಂದೇ. ಆ ಮಾತು ಮಾತ್ರ ನನಗೆ ಅಕ್ಷರ ಬಿಡದೆ ನೆನಪಿದೆ.

"ಗುರು ಗುಡ್ಡ ಇಳೀಲಿ ತಡಿ. ಆತಗ ವಾಸಿ ಆದ್ರ ನನಗೂ ಆಗ್ತೈತಿ."

ನಗುತ್ತಲೇ ಹೇಳುತ್ತಿದ್ದ. ಹೇಳಿ ನನ್ನ ಕಡೆ ನೋಡುತ್ತಿದ್ದ. ಧಾರಾವಾಹಿ ಮುಗಿದೇ ಹೋಯಿತು, ಗುರು ಇಳಿಯಲಿಲ್ಲ. ಶಾಲೆಗೆ ರಜೆ ಬಂದು ನಾನು ಕಂಪ್ಲಿಗೆ ಹೊರಟ ದಿನ ತಲೆ ಬಾಚಲು ಕನ್ನಡಿಯ ಮುಂದೆ ನಿಂತಾಗ, ಚೀಟಿ ಅಲ್ಲೇ ಇತ್ತು. ಅದರ ಅಂಚೂ ಕೆಂಪಾಗಿತ್ತು.

ಎಕ್ಸ್‌ರೇ ತೆಗೆಸಿದ್ದು ಯಾವಾಗಲೋ, ಬಹಳ ತಡವಾಗಿ. ಮಾಮ ಕೆಲಸ ಬಿಟ್ಟು ಹೊಸಪೇಟೆಯಲ್ಲಿ ಕಾಲುವೆಯ ಹತ್ತಿರ ಮನೆ ಹಿಡಿದ. ನಾನು ಎಂ.ಎ. ಓದುವಾಗ ಕೊನೆಯ ಸಲ ಅವನನ್ನು ನೋಡಿದೆ. ಮೂಗಿಗೆ ಆಮ್ಲಜನಕದ ಕೊಳವೆ, ಮಂಚದ ಪಕ್ಕ ಸದ್ದು ಮಾಡುವ ಯಂತ್ರ. ಬನಿಯನ್ನು ಅಚ್ಚ ಬಿಳುಪಾಗಿತ್ತು; ಅವನ ಮೈಮೇಲೆ ಅಷ್ಟು ಬಿಳಿ ಬಟ್ಟೆಯನ್ನು ನಾನು ಎಂದೂ ಕಂಡಿರಲಿಲ್ಲ. ಒಂದೊಂದು ಪದಕ್ಕೂ ಉಸಿರು ಕೂಡಿಸಿಕೊಂಡು ಕೇಳಿದ: "ಹಿಂದಿ ಟೀಚರ್... ಇಳಿದನೇನು... ನಮ್ಮ ಗುರು?"

ನಿಜ ಹೇಳಲು ಅದೊಂದೇ ಹೊತ್ತು ಉಳಿದಿತ್ತು. "ಇಳಿಯಾಕತ್ಯಾನ ಮಾಮ" ಎಂದೆ. ಅವನು ನನ್ನ ಕೈಯನ್ನು ಎರಡು ಸಲ ತಟ್ಟಿದ. ಹತ್ತೋ ಹನ್ನೊಂದೋ ದಿನಕ್ಕೆ ತೀರಿಕೊಂಡ.

ಈಚೆಗೆ ಫೋನಿನಲ್ಲಿ ಹುಡುಕುತ್ತಿದ್ದಾಗ ಆ ಕಂತು ಸಿಕ್ಕಿತು. ಗುರುವಿನ ಸಾವು ನನ್ನ ನೆನಪಿನಲ್ಲಿ ಇಡೀ ಸಂಜೆಯಷ್ಟು ಉದ್ದವಿತ್ತು. ನಿಜಕ್ಕೂ ಅದು ಎರಡು ನಿಮಿಷವೂ ಇಲ್ಲ. ಸಾಯುವ ಮುನ್ನ ಅವನು ಶಿಷ್ಯನಿಗೆ ಒಂದು ಮಾತು ಹೇಳುತ್ತಾನೆ. ನೀನು ವೈದ್ಯರ ಹತ್ತಿರ ಹೋಗೋಣ ಎಂದಾಗಲೇ ಹೊರಡಬೇಕಿತ್ತು, ನನ್ನ ಉಸಿರನ್ನು ನಾನೇ ಗೆಲ್ಲುತ್ತೇನೆಂದು ಜಂಬಪಟ್ಟೆ, ನೀನು ಹಾಗೆ ಮಾಡಬೇಡ. ಬಹಳ ಸರಳ ಹಿಂದಿ. ಶಾಲೆಯಲ್ಲಿ ಕಲಿತಷ್ಟರಲ್ಲೇ ಅರ್ಥವಾಗುವಂಥದ್ದು. ಆ ಮಾತು ನನ್ನ ನೆನಪಿನಲ್ಲಿ ಇರಲೇ ಇಲ್ಲ. ಅಂದು ಕೇಳಿಸಿರಲಿಲ್ಲವೋ, ಕೇಳಿಸಿಯೂ ಮುಚ್ಚಿಟ್ಟೆನೋ. ಮಾಮನಿಗೆ ನಾನು ಹೇಳದೆ ಉಳಿಸಿಕೊಂಡದ್ದು ಒಂದು ಸಾವನ್ನು ಮಾತ್ರ ಎಂದು ಇಷ್ಟು ವರ್ಷ ತಿಳಿದಿದ್ದೆ.

ಮರುವಾರವೇ ಹೊಸಪೇಟೆಗೆ ಹೋದೆ. ಅತ್ತೆ ಪಡಸಾಲೆಯಲ್ಲಿ ಜೋಳ ಕೇರುತ್ತ ಕೂತಿದ್ದಳು. ಆ ಎರಡು ನಿಮಿಷವನ್ನು ತೋರಿಸಿದೆ. ಮೊರವನ್ನು ಮಡಿಲಲ್ಲಿಟ್ಟುಕೊಂಡು ಕೊನೆಯ ತನಕ ನೋಡಿದಳು. ಗುರು ಏನೆಂದ ಎಂದು ಕನ್ನಡದಲ್ಲಿ ಹೇಳಿದೆ, ಈ ಸಲ ಏನೂ ಬಿಡದೆ. ಆಮೇಲೆ ಕೇಳಿದೆ.

"ಅತ್ತಿ, ಗುರು ಸತ್ತದ್ದು ಮಾಮಗ ಗೊತ್ತಿತ್ತಾ?"

ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟು, ಮೊರ ಎತ್ತಿಕೊಂಡು ಮತ್ತೆ ಕೇರತೊಡಗಿದಳು. ಆ ಜೋಳದಲ್ಲಿ ಆಗಲೇ ಹೊಟ್ಟು ಉಳಿದಿರಲಿಲ್ಲ.